ಖಾಝಿ ಎಂದರೆ ತೀರಿಸುವವರು

ನಮ್ಮಲ್ಲಿ ಖಾಝಿ ಸಾಹೇಬರು ನೆನಪಾಗುವುದು ನಿಕಾಹ್‌ನ ದಿನ. ವಧುವಿನ ಒಪ್ಪಿಗೆ ತಂದ ವಕೀಲರನ್ನೂ ಸಾಕ್ಷಿಗಳನ್ನೂ ವಿಚಾರಿಸಿ, ಮಹ್ರ್‌ನ ಮೊತ್ತವನ್ನು ಎಲ್ಲರಿಗೂ ಕೇಳುವಂತೆ ಹೇಳಿ, ನಿಕಾಹ್‌ನ ಖುತ್ಬಾ ಓದಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸುವವರು ಅವರು. ದುಆ ಮುಗಿದು ಖರ್ಜೂರ ಹಂಚುವ ಹೊತ್ತಿಗೆ ಅವರ ಕೆಲಸವೂ ಮುಗಿಯಿತೆಂದು ನಾವು ಭಾವಿಸುತ್ತೇವೆ. ಆದರೆ ಖಾಝಿ ಎಂಬ ಪದಕ್ಕೆ ಮದುವೆ ಮಾಡಿಸುವವರು ಎಂಬ ಅರ್ಥ ಎಂದೂ ಇರಲಿಲ್ಲ. ಖಾಝಿ ಎಂದರೆ ನ್ಯಾಯಾಧೀಶರು.

ಜುಮಾ ಖುತ್ಬಾಗಳ ಸಾರಾಂಶ ಪ್ರಕಟವಾಗುವ ಈ ಪುಟಗಳಲ್ಲಿ ನ್ಯಾಯದ ವಿಷಯ ಬಂದಾಗಲೆಲ್ಲ ಯಾವುದಾದರೊಬ್ಬ ಖಾಝಿಯ ಹೆಸರು ಬಂದೇ ಬರುತ್ತದೆ. ಅಂಥ ದೊಡ್ಡ ಹುದ್ದೆಯೊಂದು ನಿಕಾಹ್‌ನ ರಿಜಿಸ್ಟರಿನೊಳಗೆ ಕುಗ್ಗಿದ್ದು ಹೇಗೆ? ಹುದ್ದೆ ಕುಗ್ಗಿದರೂ ಅದರ ಹೊಣೆ ಉಳಿದಿದೆಯೇ? ಉಳಿದಿದ್ದರೆ ಅದು ಯಾರ ಹೆಗಲ ಮೇಲಿದೆ? ಈ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ.

ಪದದ ಬೇರು

ಅರಬಿಯಲ್ಲಿ ಖಾಫ್, ಝಾದ್, ಯಾ ಎಂಬ ಮೂರು ಅಕ್ಷರಗಳ ಧಾತುವಿನಿಂದ ಈ ಪದ ಹುಟ್ಟಿದೆ. ಒಂದು ಕೆಲಸವನ್ನು ಕೊನೆ ಮುಟ್ಟಿಸುವುದು, ಸಲ್ಲಬೇಕಾದುದನ್ನು ಸಲ್ಲಿಸುವುದು, ನಿರ್ಧರಿಸುವುದು ಎಂಬವು ಅದರ ಅರ್ಥಗಳು. ಏಳು ಆಕಾಶಗಳನ್ನು ಪೂರ್ಣಗೊಳಿಸಿದ ಬಗ್ಗೆ ಹೇಳುವಾಗ ಕುರ್‌ಆನ್ ಈ ಧಾತುವನ್ನೇ ಬಳಸಿದೆ. ತನ್ನ ಹೊರತು ಯಾರನ್ನೂ ಆರಾಧಿಸಬಾರದೆಂದು ಅಲ್ಲಾಹನು ವಿಧಿಸಿದ್ದಾನೆ ಎನ್ನುವಲ್ಲಿಯೂ ಇದೇ ಧಾತು. ಅಲ್ ಜುಮುಅಃ ಅಧ್ಯಾಯದ 10ನೇ ಸೂಕ್ತದಲ್ಲಿ, ನಮಾಝ್ ಪೂರ್ತಿಯಾದ ಮೇಲೆ ಭೂಮಿಯಲ್ಲಿ ಹರಡಿಕೊಂಡು ದುಡಿಮೆಗೆ ತೊಡಗಬೇಕೆಂಬ ಅಪ್ಪಣೆ ಇದೆ. ಅಲ್ಲಿ 'ಪೂರ್ತಿಯಾದ ಮೇಲೆ' ಎಂಬ ಅರ್ಥ ಕೊಡುವ ಪದವೂ ಇದೇ ಬೇರಿನದು.

ಈ ಬೇರು ನಮ್ಮ ಮನೆಮಾತಿನಲ್ಲೂ ಇದೆ. ಸಮಯ ತಪ್ಪಿದ ನಮಾಝನ್ನು ಆಮೇಲೆ ಮಾಡಿದರೆ ಅದನ್ನು ಖಝಾ ನಮಾಝ್ ಎನ್ನುತ್ತೇವೆ. ತೀರಿಸದೆ ಉಳಿದ ಬಾಕಿಯನ್ನು ತೀರಿಸುವುದು ಎಂದೇ ಅದರ ಅರ್ಥ. ಸಾಲ ಕೊಟ್ಟವನು ಬಾಗಿಲಿಗೆ ಬಂದು ಮಾಡುವ 'ತಗಾದೆ'ಯೂ ಇದೇ ಧಾತುವಿನ 'ತಕಾಝಾ' ಪಾರ್ಸಿಯ ದಾರಿಯಿಂದ ಕನ್ನಡಕ್ಕೆ ಬಂದ ರೂಪ. ಜಾತಿ ಧರ್ಮದ ಭೇದವಿಲ್ಲದೆ ಕನ್ನಡಿಗರೆಲ್ಲ ಬಳಸುವ ಮಾತು ಅದು.

ಕನ್ನಡ ಭಾಷೆಯೂ ತನ್ನದೇ ದಾರಿಯಲ್ಲಿ ಇದೇ ಅರ್ಥಕ್ಕೆ ಬಂದು ಸೇರಿದೆ ಎಂಬುದು ಗಮನಿಸಬೇಕಾದ ಸಂಗತಿ. 'ತೀರು' ಎಂಬ ಕ್ರಿಯಾಪದದಿಂದ 'ತೀರ್ಪು' ಹುಟ್ಟಿತು. ಸಾಲವನ್ನೂ ತೀರಿಸುತ್ತೇವೆ, ಜಗಳವನ್ನೂ ತೀರಿಸುತ್ತೇವೆ. ಅರಬಿಯಲ್ಲೂ ಸಾಲ ತೀರಿಸುವುದಕ್ಕೂ ತೀರ್ಪು ಕೊಡುವುದಕ್ಕೂ ಒಂದೇ ಧಾತು. ಹಾಗಾಗಿ ಖಾಝಿ ಎಂಬ ಪದವನ್ನು ಕನ್ನಡದಲ್ಲಿ ಹೇಳಬೇಕಾದರೆ 'ತೀರಿಸುವವರು' ಎನ್ನಬಹುದು. ಒಬ್ಬರ ಹಕ್ಕು ಇನ್ನೊಬ್ಬರಲ್ಲಿ ಬಾಕಿ ಉಳಿದಿದ್ದರೆ ಅದನ್ನು ಪಡೆದು ಒಡೆಯರಿಗೆ ಮುಟ್ಟಿಸುವವರು ಖಾಝಿ.

ಹುದ್ದೆ ರೂಪುಗೊಂಡದ್ದು

ಇಸ್ಲಾಮಿಗೆ ಮುಂಚೆ ಅರಬರಲ್ಲಿ 'ಹಕಮ್' ಎಂಬ ಪದ್ಧತಿ ಇತ್ತು. ಜಗಳವಾಡುವ ಇಬ್ಬರೂ ಒಪ್ಪಿ ಒಬ್ಬ ಮಧ್ಯಸ್ಥನ ಬಳಿ ಹೋಗುತ್ತಿದ್ದರು. ಅವನ ಮಾತನ್ನು ಜಾರಿಗೆ ತರುವ ಸರಕಾರ ಇರಲಿಲ್ಲ. ಪ್ರವಾದಿವರ್ಯರು(ಸ) ಮುಆದ್ ಬಿನ್ ಜಬಲ್(ರ)ರನ್ನು ಯಮನ್‌ಗೆ ಕಳುಹಿಸುವಾಗ, ಯಾವ ಆಧಾರದಲ್ಲಿ ತೀರ್ಪು ಕೊಡುವಿರಿ ಎಂದು ವಿಚಾರಿಸಿದ್ದು ಹದೀಸ್‌ನಲ್ಲಿ ಬಂದಿದೆ. ಮೊದಲು ಅಲ್ಲಾಹನ ಗ್ರಂಥ, ಬಳಿಕ ಪ್ರವಾದಿಚರ್ಯೆ, ಅಲ್ಲೂ ಸಿಗದಿದ್ದರೆ ತನ್ನ ವಿವೇಕವನ್ನು ಪೂರ್ತಿ ಪಣಕ್ಕಿಟ್ಟು ಯೋಚಿಸುವುದು ಎಂಬ ಉತ್ತರ ಅವರನ್ನು ಸಂತೋಷಗೊಳಿಸಿತು. ತರುಣರಾಗಿದ್ದ ಅಲೀ(ರ)ರನ್ನು ಅದೇ ಯಮನ್‌ಗೆ ಕಳುಹಿಸುವಾಗ, ಎದುರು ಪಕ್ಷದ ಮಾತು ಕೇಳುವ ತನಕ ತೀರ್ಪು ಹೇಳಬಾರದೆಂದು ಉಪದೇಶಿಸಿದರು.

ಖಲೀಫಾ ಉಮರ್(ರ)ರ ಕಾಲದಲ್ಲಿ ನಗರಗಳಿಗೆ ಖಾಝಿಗಳ ನೇಮಕವಾಯಿತು. ಕೂಫಾದ ಖಾಝಿ ಶುರೈಹ್‌ರ ನೇಮಕದ ಬಗ್ಗೆ ಒಂದು ಪ್ರಸಿದ್ಧ ವರದಿ ಇದೆ. ಉಮರ್(ರ) ಒಂದು ಕುದುರೆಯನ್ನು ಖರೀದಿಸಲು ಪರೀಕ್ಷೆಗೆಂದು ತೆಗೆದುಕೊಂಡರು. ಸವಾರಿಯಲ್ಲಿ ಅದಕ್ಕೆ ಪೆಟ್ಟಾಯಿತು. ವಾಪಸ್ ತೆಗೆದುಕೊಳ್ಳಲು ಮಾಲಿಕ ಒಪ್ಪಲಿಲ್ಲ. ಇಬ್ಬರೂ ಶುರೈಹ್‌ರನ್ನು ಮಧ್ಯಸ್ಥರನ್ನಾಗಿ ಆರಿಸಿದರು. ಕೊಂಡ ಹಾಗೆ ಇಟ್ಟುಕೊಳ್ಳಿ, ಇಲ್ಲವೇ ಪಡೆದ ಹಾಗೆಯೇ ಹಿಂದಿರುಗಿಸಿ ಎಂದು ಶುರೈಹ್ ಖಲೀಫರ ವಿರುದ್ಧವೇ ಹೇಳಿದರು. ಉಮರ್(ರ) ಅದನ್ನು ಒಪ್ಪಿದ್ದು ಮಾತ್ರವಲ್ಲ, ಅವರನ್ನು ಕೂಫಾದ ಖಾಝಿಯನ್ನಾಗಿ ಮಾಡಿದರು. ತನ್ನ ವಿರುದ್ಧ ತೀರ್ಪು ಕೊಡಬಲ್ಲ ಮನುಷ್ಯನೇ ಆ ಪೀಠಕ್ಕೆ ತಕ್ಕವನು ಎಂಬುದು ಅವರ ಲೆಕ್ಕವಾಗಿತ್ತು.

ಬಸ್ರಾದ ಅಬೂ ಮೂಸಾ ಅಶ್‌ಅರಿ(ರ)ರಿಗೆ ಉಮರ್(ರ) ಬರೆದರೆಂದು ಪ್ರಸಿದ್ಧವಾದ ಪತ್ರವೊಂದು ಮುಂದಿನ ಖಾಝಿಗಳಿಗೆಲ್ಲ ಕೈಪಿಡಿಯಾಯಿತು. ಕೂರಿಸುವ ಜಾಗದಲ್ಲೂ ನೋಡುವ ನೋಟದಲ್ಲೂ ಇಬ್ಬರಿಗೆ ಭೇದ ಮಾಡಬಾರದು. ದಾವೆ ಹೂಡಿದವನು ಪುರಾವೆ ಕೊಡಬೇಕು, ಅಲ್ಲಗಳೆಯುವವನು ಪ್ರಮಾಣ ಮಾಡಬೇಕು. ನಿನ್ನೆ ಕೊಟ್ಟ ತೀರ್ಪು ತಪ್ಪೆಂದು ಇಂದು ತಿಳಿದರೆ ಸತ್ಯಕ್ಕೆ ಮರಳಲು ಹಿಂಜರಿಯಬಾರದು. ರಾಜಿ ಮಾಡಿಸಬಹುದು, ಆದರೆ ಹರಾಮನ್ನು ಹಲಾಲ್ ಮಾಡುವ ರಾಜಿ ಸಲ್ಲದು. ಆ ಪತ್ರದ ಸಾರ ಇದು.

ಅಬ್ಬಾಸಿ ಖಲೀಫಾ ಹಾರೂನ್ ರಶೀದರ ಕಾಲದಲ್ಲಿ 'ಖಾಝಿಗಳ ಖಾಝಿ' ಎಂಬರ್ಥದ 'ಖಾಝಿಯುಲ್ ಖುಝಾತ್' ಎಂಬ ಬಿರುದು ಬಂತು. ಅದನ್ನು ಮೊದಲು ಧರಿಸಿದವರು ಇಮಾಮ್ ಅಬೂ ಯೂಸುಫ್. ಅವರು ಹಿಜರಿ 182ರಲ್ಲಿ, ಅಂದರೆ ಕ್ರಿ.ಶ. 798ರಲ್ಲಿ ತೀರಿಕೊಂಡರು. ಆದರೆ ಅವರ ಗುರು ಇಮಾಮ್ ಅಬೂ ಹನೀಫಾ ಖಲೀಫಾ ಮನ್ಸೂರ್ ಕೊಡಮಾಡಿದ ಖಾಝಿ ಹುದ್ದೆಯನ್ನು ನಿರಾಕರಿಸಿ ಸೆರೆಮನೆ ಕಂಡಿದ್ದರು. ಖಾಝಿಗಳು ಮೂರು ಬಗೆ, ಅವರಲ್ಲಿ ಇಬ್ಬರು ನರಕಕ್ಕೆ, ಸತ್ಯವನ್ನು ಅರಿತು ಅದರಂತೆ ತೀರ್ಪು ಕೊಟ್ಟವನೊಬ್ಬನೇ ಸ್ವರ್ಗಕ್ಕೆ ಎಂಬ ಪ್ರವಾದಿ(ಸ) ವಚನದ ಆಶಯ ಬಲ್ಲವರಿಗೆ ಆ ಪೀಠ ಭಯ ಹುಟ್ಟಿಸುತ್ತಿತ್ತು.

ಹತ್ತು ಹೊಣೆಗಳು

ಕ್ರಿ.ಶ. 1058ರಲ್ಲಿ ತೀರಿಕೊಂಡ ಇಮಾಮ್ ಮಾವರ್ದಿಯವರು, ಸ್ವತಃ ಖಾಝಿಯಾಗಿದ್ದವರು, ಈ ಹುದ್ದೆಯ ಹೊಣೆಗಳನ್ನು ಹತ್ತಾಗಿ ಎಣಿಸಿದ್ದಾರೆ. ವ್ಯಾಜ್ಯ ತೀರಿಸುವುದು. ಕೊಡದೆ ಸತಾಯಿಸುವವರಿಂದ ಹಕ್ಕನ್ನು ವಸೂಲು ಮಾಡಿ ಹಕ್ಕುದಾರರಿಗೆ ಕೊಡಿಸುವುದು. ಅಪ್ರಾಪ್ತ ಮಕ್ಕಳು ಮತ್ತು ಬುದ್ಧಿಭ್ರಮಣೆಯಾದವರ ಆಸ್ತಿಗೆ ಪಾಲಕರನ್ನು ನೇಮಿಸುವುದು. ವಕ್ಫ್ ಆಸ್ತಿಗಳ ಮೇಲ್ವಿಚಾರಣೆ. ವಸಿಯ್ಯತ್‌ಗಳನ್ನು ಜಾರಿಗೊಳಿಸುವುದು. ಪೋಷಕರಿಲ್ಲದ ಹೆಣ್ಣುಮಕ್ಕಳಿಗೆ ತಕ್ಕ ವರನೊಂದಿಗೆ ನಿಕಾಹ್ ಮಾಡಿಸುವುದು. ಶಿಕ್ಷೆಗಳ ಜಾರಿ. ರಸ್ತೆ ಮತ್ತು ಬಯಲುಗಳ ಒತ್ತುವರಿಯನ್ನು ತಡೆಯುವುದು. ಸಾಕ್ಷಿಗಳ ಹಾಗೂ ತನ್ನ ಕೈಕೆಳಗಿನವರ ಪ್ರಾಮಾಣಿಕತೆಯನ್ನು ಪರೀಕ್ಷಿಸುವುದು. ಕೊನೆಯದಾಗಿ, ಬಲಾಢ್ಯನನ್ನೂ ದುರ್ಬಲನನ್ನೂ ಒಂದೇ ಸಮ ಕಾಣುವುದು.

ಇದರಲ್ಲಿ ನಿಕಾಹ್ ಹತ್ತರಲ್ಲಿ ಒಂದು. ಅದೂ ಯಾರ ನಿಕಾಹ್? ಮುಂದೆ ನಿಂತು ಮಾಡಿಕೊಡಲು ತಂದೆ, ಅಣ್ಣ, ಚಿಕ್ಕಪ್ಪ ಯಾರೂ ಇಲ್ಲದ ಹುಡುಗಿಯದು. ಎಲ್ಲರೂ ಇರುವವರ ಸಂಭ್ರಮದಲ್ಲಿ ಖಾಝಿ ಅನಿವಾರ್ಯ ಎಂದು ಫಿಕ್ಹ್ ಹೇಳಿಲ್ಲ. ಯಾರೂ ಇಲ್ಲದವರಿಗೆ ತಾನಿದ್ದೇನೆ ಎನ್ನುವುದು ಖಾಝಿಯ ಕೆಲಸವಾಗಿತ್ತು.

ಕನ್ನಡ ನಾಡಿನ ಖಾಝಿಗಳು

1342ರ ಸುಮಾರಿಗೆ ಮೊರಾಕೊದ ಪ್ರವಾಸಿ ಇಬ್ನ್ ಬತೂತಾ ನಮ್ಮ ಕರಾವಳಿಯಲ್ಲಿ ಸಾಗಿದನು. ಅವನೂ ಖಾಝಿಯೇ. ಮುಹಮ್ಮದ್ ಬಿನ್ ತುಘಲಕ್ ಅವನನ್ನು ವರ್ಷಕ್ಕೆ 12,000 ದೀನಾರ್ ಸಂಬಳದ ಮೇಲೆ ದಿಲ್ಲಿಯ ಖಾಝಿಯನ್ನಾಗಿ ಮಾಡಿದ್ದನು. ಮುಂದೆ ಮಾಲ್ದೀವ್ಸ್‌ನಲ್ಲೂ ಅವನು ಅದೇ ಹುದ್ದೆಯಲ್ಲಿದ್ದನು. ಹಾಗಾಗಿ ಪ್ರತಿ ಊರಿನಲ್ಲೂ ಖಾಝಿ ಯಾರೆಂದು ವಿಚಾರಿಸುವುದು ಅವನ ಅಭ್ಯಾಸ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಕಂಡೆನೆಂದು ಬರೆದ ಅವನು, ಅಲ್ಲಿನ ಖಾಝಿಯನ್ನೂ ಹೆಸರಿಸಿದ್ದಾನೆ. ಬಾರಕೂರಿನಲ್ಲಿ ಒಬ್ಬ ಖಾಝಿ, ಒಬ್ಬ ಖತೀಬ್ ಮತ್ತು ಜುಮಾ ನಡೆಯುವ ಮಸೀದಿ ಇತ್ತು ಎನ್ನುತ್ತಾನೆ. ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರಿದ್ದರು. ಅಲ್ಲಿನ ಖಾಝಿ ಬದ್ರುದ್ದೀನ್ ಮಅಬರಿ ಶಾಫಿಈ ಪಂಥದವರು, ಪಾಠವನ್ನೂ ಹೇಳುತ್ತಿದ್ದರು.

ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಬಾರಕೂರನ್ನೂ ಮಂಗಳೂರನ್ನೂ ಆಳುತ್ತಿದ್ದವರು ಹಿಂದೂ ಅರಸರು. ದಿಲ್ಲಿಯ ಖಾಝಿಯ ಬೆನ್ನಿಗೆ ಸುಲ್ತಾನನ ಖಡ್ಗವಿತ್ತು. ಮಂಗಳೂರಿನ ಬದ್ರುದ್ದೀನರ ಬೆನ್ನಿಗೆ ಅಂಥ ಸುಲ್ತಾನ ಇರಲಿಲ್ಲ. ಅವರಲ್ಲಿದ್ದದ್ದು ವಿದ್ಯೆ ಮತ್ತು ಜನರ ವಿಶ್ವಾಸ. ಅಂದರೆ ಸುಮಾರು 680 ವರ್ಷಗಳ ಹಿಂದೆಯೇ ಈ ನೆಲದಲ್ಲಿ ಮುಸ್ಲಿಂ ರಾಜ್ಯಾಧಿಕಾರದ ಬಲವಿಲ್ಲದೆ ಖಾಝಿಗಳು ಇದ್ದರು. ಇಂದಿಗೂ ಕರಾವಳಿಯ ಜಿಲ್ಲೆಗಳಲ್ಲಿ ರಮಝಾನ್ ಮತ್ತು ಈದ್‌ನ ಚಂದ್ರದರ್ಶನಕ್ಕೆ ಜನರು ಖಾಝಿಗಳ ಮಾತನ್ನು ಕಾಯುತ್ತಾರೆ.

ಘಟ್ಟದ ಮೇಲಿನ ಕತೆ ಬೇರೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ಖಾಝಿಗಳು ರಾಜ್ಯದ ಅಧಿಕಾರಿಗಳಾದರು. ಅವರ ಮೇಲೆ 'ಸದರ್-ಎ-ಜಹಾನ್' ಎಂಬ ಮುಖ್ಯ ನ್ಯಾಯಾಧಿಕಾರಿ ಇದ್ದರು. ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲೂ ಈ ಪದ್ಧತಿ ಮುಂದುವರಿಯಿತು. ಊರಿನ ವತನು, ಗಡಿ, ಹೊಲದ ತಕರಾರು ಬಂದಾಗ ಖಾಝಿಯವರು ದೇಸಾಯಿ, ದೇಶಪಾಂಡೆ, ಗೌಡ, ಕುಲಕರ್ಣಿಗಳ ಜೊತೆ ಮಜಲಿಸ್‌ನಲ್ಲಿ ಕೂರುತ್ತಿದ್ದರು. ಕಕ್ಷಿದಾರರು ಹಿಂದೂಗಳೇ ಆಗಿದ್ದರೂ ಕಾಗದದ ಮೇಲೆ ಖಾಝಿಯ ಮೊಹರು ಬೀಳುತ್ತಿತ್ತು. ಎಲ್ಲರ ಹಾಜರಿಯಲ್ಲಿ ಬರೆದ ಆ ಕಾಗದವೇ 'ಮಹಜರು'. ಇಂದು ಪೊಲೀಸರು ಸ್ಥಳಕ್ಕೆ ಬಂದು ಬರೆಯುವ ಮಹಜರಿಗೆ ಆ ಹೆಸರು ಬಂದದ್ದು ಅಲ್ಲಿಂದ.

ನಮಗೆ ಸಮೀಪದ ಬಸವಾಪಟ್ಟಣವೂ ಈ ಇತಿಹಾಸಕ್ಕೆ ಸೇರಿದ್ದು. 1687ರಲ್ಲಿ ಮೊಗಲರು ಸಿರಾವನ್ನು ಕೇಂದ್ರವಾಗಿಸಿ ಪ್ರಾಂತ್ಯ ರಚಿಸಿದಾಗ ಬಸವಾಪಟ್ಟಣ ಅದರ ಏಳು ಪರಗಣಗಳಲ್ಲಿ ಒಂದಾಯಿತು. ಪರಗಣಕ್ಕೊಬ್ಬ ಖಾಝಿ ಇರುವುದು ಮೊಗಲ್ ಆಡಳಿತದ ರೂಢಿ.

ಭದ್ರಾವತಿಯ ನ್ಯಾಯಾಲಯದ ಆವರಣದಲ್ಲಿ ಒಂದು ಗಂಟೆ ನಿಂತು ಕೇಳಿದರೆ ಈ ಇತಿಹಾಸವೆಲ್ಲ ಜನರ ಬಾಯಲ್ಲೇ ಸಿಗುತ್ತದೆ. ದಾವೆ, ವಕೀಲ, ಅರ್ಜಿ, ಹಾಜರು, ಜಾಮೀನು, ಜಪ್ತಿ, ರಾಜಿ, ಫೈಸಲು, ಅದಾಲತ್ ಎಲ್ಲವೂ ಆ ಕಾಲದ ಕಚೇರಿಗಳಿಂದ ಉಳಿದ ಮಾತುಗಳು. ಕೋರ್ಟಿನ ಮೆಟ್ಟಿಲು ಹತ್ತದೆ ಇಬ್ಬರನ್ನೂ ಕೂರಿಸಿ ಅಲ್ಲೇ ಮಾತು ಮುಗಿಸುವುದಕ್ಕೆ ಕನ್ನಡದ ಆಡುಮಾತಿನಲ್ಲಿ 'ಕಾಜಿ ನ್ಯಾಯ' ಎನ್ನುವುದೂ ಉಂಟು.

ಹುದ್ದೆ ಮನೆತನವಾದಾಗ

ದಖ್ಖನಿನಲ್ಲಿ ಖಾಝಿಗಳಿಗೆ ಸಂಬಳದ ಬದಲು ಇನಾಂ ಜಮೀನು ಸಿಗುತ್ತಿತ್ತು. ಜಮೀನು ತಂದೆಯಿಂದ ಮಗನಿಗೆ ಹೋಯಿತು, ಜೊತೆಗೆ ಹುದ್ದೆಯೂ ಹೋಯಿತು. ಕ್ರಮೇಣ ಖಾಝಿ ಎಂಬುದು ಅಡ್ಡಹೆಸರಾಯಿತು. ಇಂದು ಕರ್ನಾಟಕದಲ್ಲಿ ಖಾಜಿ ಎಂಬ ಅಡ್ಡಹೆಸರಿನವರು ಶಿಕ್ಷಕರಾಗಿದ್ದಾರೆ, ವ್ಯಾಪಾರಿಗಳಾಗಿದ್ದಾರೆ, ರೈತರಾಗಿದ್ದಾರೆ. ಇಂದಿನ ಯಾದಗಿರಿ ಜಿಲ್ಲೆಯ ಗೋಗಿಯ ಖಾಝಿ ಮಹಮೂದ್ ಬಹ್ರಿ ಅಂಥ ಮನೆತನದವರು. ಅವರು ಹೆಸರಾದದ್ದು ತೀರ್ಪುಗಳಿಂದಲ್ಲ, 'ಮನ್ ಲಗನ್' ಎಂಬ ದಖನಿ ಸೂಫಿ ಕಾವ್ಯದಿಂದ.

ಆದರೆ ಶರೀಅತ್‌ನಲ್ಲಿ ಖಾಝಿಯ ಪೀಠ ಪಿತ್ರಾರ್ಜಿತವಲ್ಲ. ವಿದ್ಯೆ, ಪ್ರಾಮಾಣಿಕತೆ, ವಿವೇಕ ಇವೇ ಅರ್ಹತೆಗಳು. ಹೆಣ್ಣು ಖಾಝಿಯಾಗಬಹುದೇ ಎಂಬುದರಲ್ಲೂ ವಿದ್ವಾಂಸರು ಒಂದೇ ಮಾತು ಹೇಳಿಲ್ಲ. ಸಾಕ್ಷಿ ಹೇಳಬಹುದಾದ ವಿಷಯಗಳಲ್ಲಿ ಆಕೆ ತೀರ್ಪೂ ಕೊಡಬಹುದೆಂದು ಇಮಾಮ್ ಅಬೂ ಹನೀಫಾ ಹೇಳಿದರೆ, ಇಮಾಮ್ ತಬರಿ ಎಲ್ಲ ವಿಷಯಗಳಲ್ಲೂ ಕೊಡಬಹುದೆಂದರು. ವಿದ್ಯೆಯನ್ನು ಬಿಟ್ಟು ವಂಶವನ್ನು ನೋಡತೊಡಗಿದಾಗ ಹುದ್ದೆ ಒಳಗಿನಿಂದಲೇ ಸೊರಗಿತು. ಬ್ರಿಟಿಷರು ಬಂದು ಕೈಯಿಟ್ಟದ್ದು ಹಾಗೆ ಸೊರಗಿದ ಮೇಲೆ.

ಕಾನೂನು ಕತ್ತರಿಸಿದ್ದು

1772ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದಲ್ಲಿ ನ್ಯಾಯಾಲಯಗಳನ್ನು ರಚಿಸಿದಾಗ ಖಾಝಿ, ಮುಫ್ತಿ, ಮೌಲವಿಗಳನ್ನೂ ಪಂಡಿತರನ್ನೂ ಜೊತೆಗಿಟ್ಟುಕೊಂಡನು. ಬರಬರುತ್ತಾ ಅವರು ತೀರ್ಪುಗಾರರಾಗಿ ಉಳಿಯದೆ, ಆಂಗ್ಲ ನ್ಯಾಯಾಧೀಶನಿಗೆ ಕಾನೂನು ಹೇಳಿಕೊಡುವವರಾದರು. 1860ರ ದಂಡ ಸಂಹಿತೆ ಬಂದ ಮೇಲೆ ಆ ಅಗತ್ಯವೂ ಕಡಿಮೆಯಾಯಿತು. 1864ರ 11ನೇ ಕಾಯ್ದೆ ಖಾಝಿಗಳ ಸರಕಾರಿ ನೇಮಕವನ್ನೇ ನಿಲ್ಲಿಸಿತು.

ನಿಕಾಹ್‌ಗಳಿಗೆ ತೊಡಕಾಯಿತೆಂದು ಮುಸ್ಲಿಮರು ಹೇಳತೊಡಗಿದಾಗ ಸರ್ ಸಯ್ಯದ್ ಅಹ್ಮದ್ ಖಾನರು ಮಸೂದೆ ತಂದರು. ಅದು 1880ರ ಖಾಝಿಗಳ ಕಾಯ್ದೆಯಾಯಿತು. ಅಂದು ದಕ್ಷಿಣ ಕನ್ನಡವನ್ನು ಒಳಗೊಂಡಿದ್ದ ಮದ್ರಾಸ್ ಪ್ರಾಂತ್ಯಕ್ಕೆ ಅದು ಮೊದಲಿಗೇ ಅನ್ವಯಿಸಿತು. ಮುಸ್ಲಿಮರು ಬಯಸಿದ ಕಡೆ ಸರಕಾರ ಖಾಝಿಯನ್ನು ನೇಮಿಸಬಹುದು ಎಂದ ಕಾಯ್ದೆ, ಅದರ 4ನೇ ಕಲಮಿನಲ್ಲಿ ಖಾಝಿಗೆ ಇದರಿಂದ ಯಾವ ನ್ಯಾಯಾಧಿಕಾರವೂ ಆಡಳಿತಾಧಿಕಾರವೂ ಬರುವುದಿಲ್ಲ, ನಿಕಾಹ್‌ಗೆ ಅವರ ಹಾಜರಿಯೂ ಕಡ್ಡಾಯವಲ್ಲ ಎಂದು ಸ್ಪಷ್ಟಪಡಿಸಿತು. ಹೀಗೆ ತೀರಿಸುವವರ ಕೈಯಲ್ಲಿ ರಿಜಿಸ್ಟರ್ ಉಳಿಯಿತು.

ಸ್ವತಂತ್ರ ಭಾರತದ ನಿಲುವನ್ನು ಸುಪ್ರೀಂ ಕೋರ್ಟ್ 2014ರ ಜುಲೈ 7ರಂದು ವಿಶ್ವಲೋಚನ ಮದನ್ ಪ್ರಕರಣದಲ್ಲಿ ಹೇಳಿದೆ. ದಾರುಲ್ ಖಝಾದ ತೀರ್ಪಿಗಾಗಲಿ ಫತ್ವಾಕ್ಕಾಗಲಿ ಕಾನೂನಿನ ಬಲವಿಲ್ಲ, ಅದನ್ನು ಯಾರ ಮೇಲೂ ಹೇರುವಂತಿಲ್ಲ. ಒಪ್ಪುವುದೂ ಬಿಡುವುದೂ ಕಕ್ಷಿದಾರರ ಇಷ್ಟ. ಒಪ್ಪಿ ಬಂದ ಇಬ್ಬರ ನಡುವೆ ಮಧ್ಯಸ್ಥಿಕೆ ಮಾಡುವುದಕ್ಕೆ ಅಡ್ಡಿಯಿಲ್ಲ. ಈ ತೀರ್ಪು ಕೆಲವರಿಗೆ ಬೇಸರ ತಂದಿರಬಹುದು. ಆದರೆ ಇಬ್ಬರೂ ಒಪ್ಪಿ ಶುರೈಹ್‌ರ ಬಳಿಗೆ ಹೋದ ಉಮರ್(ರ) ಮತ್ತು ಕುದುರೆಯ ಮಾಲಿಕನ ನೆನಪಿದ್ದವರಿಗೆ ಬೇಸರಕ್ಕೆ ಕಾರಣವಿಲ್ಲ. ಬಲವಂತ ಕೋರ್ಟಿನದು, ಒಪ್ಪಿಗೆ ನಮ್ಮದು. ದಂಪತಿಗಳ ನಡುವೆ ಬಿರುಕು ಬಂದರೆ ಗಂಡಿನ ಕಡೆಯಿಂದೊಬ್ಬ, ಹೆಣ್ಣಿನ ಕಡೆಯಿಂದೊಬ್ಬ ಮಧ್ಯಸ್ಥನನ್ನು ನೇಮಿಸಬೇಕೆಂದು ಅನ್ನಿಸಾ ಅಧ್ಯಾಯದ 35ನೇ ಸೂಕ್ತ ಹೇಳಿದೆ. ಅದಕ್ಕೆ ಯಾವ ಸರಕಾರದ ಆದೇಶವೂ ಬೇಕಿಲ್ಲ.

ನಮ್ಮ ಬಾಕಿ

ನ್ಯೂ ಟೌನ್ ಎಂಬುದೇ ಹೊಸ ಊರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಿಂದಾಗಿ ಬೆಳೆದ ಬಡಾವಣೆ. ಕೆಲಸಕ್ಕೆಂದು ಬೇರೆ ಬೇರೆ ಊರುಗಳಿಂದ ಬಂದವರು ಇಲ್ಲಿ ನೆಲೆಸಿದರು. ಇಲ್ಲಿ ಪರಗಣದ ಕಾಲದ ಮೊಹರಿಲ್ಲ, ಇನಾಮಿನ ಹೊಲವಿಲ್ಲ. ಇರುವುದು ಜಮಾಅತ್, ಅದರ ಹಿರಿಯರು ಮತ್ತು ಜುಮಾದ ಸಾಲುಗಳು. ಹಾಗಾದರೆ ಆ ಹತ್ತು ಹೊಣೆಗಳು?

ಶಿಕ್ಷೆ ಮತ್ತು ಬಲವಂತದ ಜಾರಿ ದೇಶದ ಕಾನೂನಿಗೆ ಸೇರಿದ್ದು. ಅದರಲ್ಲಿ ನಮಗೆ ಪಾಲಿಲ್ಲ, ಪಾಲು ಬೇಕಾಗಿಯೂ ಇಲ್ಲ. ಉಳಿದದ್ದರಲ್ಲಿ ಬಹುಪಾಲು ನಮ್ಮ ಮನೆಯೊಳಗಿನ ಲೆಕ್ಕ. ತಂದೆ ತೀರಿಕೊಂಡ ಮೇಲೆ ಮಗಳ ಪಾಲು ಎಷ್ಟೆಂಬುದನ್ನು ಅಲ್ಲಾಹನೇ ನಿಗದಿ ಮಾಡಿದ್ದಾನೆ. ಆದರೂ ಎಷ್ಟೋ ಮನೆಗಳಲ್ಲಿ ನಲವತ್ತು ದಿನ ಕಳೆಯುವಷ್ಟರಲ್ಲಿ ಅಕ್ಕ ತಂಗಿಯರ ಮುಂದೆ ಹಕ್ಕುಬಿಡುಗಡೆ ಪತ್ರ ಬರುತ್ತದೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಲ್ಲಿ ಅವರು ಸಹಿ ಹಾಕುತ್ತಾರೆ. ನಿಕಾಹ್‌ನಲ್ಲಿ ಎಲ್ಲರೆದುರು ಹೇಳಿದ ಮಹ್ರ್ ಗಂಡನ ಮಯ್ಯಿತ್ತಿನ ಮುಂದೆ 'ಮಾಫ್' ಆಗುತ್ತದೆ. ಕಣ್ಣೀರಿನಲ್ಲಿರುವ ಹೆಂಗಸಿನಿಂದ ಆ ಹೊತ್ತಿನಲ್ಲಿ ಮಾಫಿ ಕೇಳುವುದು ಅವಳ ಹಕ್ಕನ್ನು ತೀರಿಸಿದಂತಲ್ಲ. ತಂದೆಯಿಲ್ಲದ ಮಕ್ಕಳ ಹಣ ಚಿಕ್ಕಪ್ಪನ ವ್ಯಾಪಾರದಲ್ಲಿ ಲೆಕ್ಕವಿಲ್ಲದೆ ಸೇರಿಹೋಗುತ್ತದೆ. ಇವೆಲ್ಲ ಖಝಾ ಆಗಿರುವ ಹಕ್ಕುಗಳು.

ಕಾಗದ ಸರಿಯಾಗಿದೆ, ನೋಂದಣಿಯೂ ಆಗಿದೆ ಎಂದು ಸಮಾಧಾನಪಡುವವರು ಉಮ್ಮು ಸಲಮಾ(ರ) ವರದಿ ಮಾಡಿದ ಹದೀಸನ್ನು ನೆನೆಯಬೇಕು. ತನ್ನ ಬಳಿ ದೂರು ತರುವವರಲ್ಲಿ ಒಬ್ಬನು ಮಾತಿನಲ್ಲಿ ಹೆಚ್ಚು ಚತುರನಾಗಿರಬಹುದು, ಕೇಳಿದ್ದರ ಮೇಲೆ ತಾನು ತೀರ್ಪು ಕೊಟ್ಟರೂ, ಸಹೋದರನ ಹಕ್ಕು ಅವನ ಪಾಲಿಗೆ ಹೋದರೆ ಅದು ಬೆಂಕಿಯ ತುಂಡು ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಸ್ವತಃ ಪ್ರವಾದಿಯವರ(ಸ) ತೀರ್ಪೇ ಅನ್ಯರ ಹಕ್ಕನ್ನು ಹಲಾಲ್ ಮಾಡುವುದಿಲ್ಲವೆಂದ ಮೇಲೆ ನೂರು ರೂಪಾಯಿಯ ಛಾಪಾ ಕಾಗದ ಮಾಡುತ್ತದೆಯೇ?

ಜಮಾಅತ್‌ಗಳು ಮಾಡಬಹುದಾದ ಕೆಲಸ ಸಣ್ಣದಲ್ಲ. ಮಹ್ರ್ ಕೊಟ್ಟಾಯಿತೇ, ಬಾಕಿಯೇ ಎಂದು ನಿಕಾಹ್‌ನ ದಿನವೇ ಸ್ಪಷ್ಟವಾಗಿ ಬರೆಸಬಹುದು. ಮರಣ ಸಂಭವಿಸಿದ ಮನೆಗೆ ಹೋಗುವ ಹಿರಿಯರು ಸಾಂತ್ವನದ ಜೊತೆಗೆ ಪಾಲಿನ ಲೆಕ್ಕವನ್ನೂ ಬಲ್ಲವರಿಂದ ಹಾಕಿಸಿಕೊಡಬಹುದು. ದೂರು ಹೇಳಲು ಬಂದ ಹೆಣ್ಣುಮಗಳ ಮಾತನ್ನು ಅವಳ ಬಾಯಿಂದಲೇ ಕೇಳಬಹುದು. ಎದುರು ಪಕ್ಷ ಶ್ರೀಮಂತನಾದರೂ, ಕಮಿಟಿಯ ಸದಸ್ಯನಾದರೂ ಅದೇ ಚಾಪೆಯ ಮೇಲೆ ಕೂರಿಸಬಹುದು. ನಮ್ಮಿಂದ ತೀರದಿದ್ದರೆ ಕೋರ್ಟಿಗೆ ಹೋಗುವ ಅವಳ ದಾರಿಗೆ ಅಡ್ಡ ನಿಲ್ಲದಿರುವುದೂ ನ್ಯಾಯವೇ.

ಪ್ರತಿ ಶುಕ್ರವಾರ ಎರಡನೆಯ ಖುತ್ಬಾದ ಕೊನೆಯಲ್ಲಿ ಖತೀಬರು ಅನ್ನಹ್ಲ್ ಅಧ್ಯಾಯದ 90ನೇ ಸೂಕ್ತವನ್ನು ಓದುತ್ತಾರೆ. ನ್ಯಾಯವನ್ನೂ ಒಳಿತನ್ನೂ ಬಂಧುಗಳಿಗೆ ಕೊಡುವುದನ್ನೂ ಅಲ್ಲಾಹನು ಆಜ್ಞಾಪಿಸುತ್ತಾನೆಂದು ಅದು ಸಾರುತ್ತದೆ. ಅದರಲ್ಲಿ ಮೊದಲು ಬರುವ ಪದ 'ಅದ್ಲ್', ಅಂದರೆ ನ್ಯಾಯ. ಅದನ್ನು ಕೇಳಿಯೇ ನಾವು ಸಾಲಿನಲ್ಲಿ ಎದ್ದು ನಿಲ್ಲುತ್ತೇವೆ. ಖಾಝಿಯ ಪೀಠ ಊರಿನಲ್ಲಿ ಇರಲಿ, ಇಲ್ಲದಿರಲಿ, ಆ ಆಜ್ಞೆ ಸಾಲಿನಲ್ಲಿ ನಿಂತ ಪ್ರತಿಯೊಬ್ಬರ ಮೇಲಿದೆ. ಇತರರ ಹಕ್ಕಿನ ಬಾಕಿ ಹೊತ್ತುಕೊಂಡು ಅವನ ಮುಂದೆ ಹಾಜರಾಗುವ ಮೊದಲೇ ಅದನ್ನು ತೀರಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.